ಅಂಚು ನೋಡಿ, ಆಮೇಲೆ ಬೆಲೆ ಕೇಳಿ

ಬೂಟು, ಬೆಲ್ಟು, ಜೀನ್ಸ್ ಬಗ್ಗೆ ಏನಾದರೂ ಕೇಳಿ ಅಂತ ಹೋದ ಸಂಚಿಕೆಯಲ್ಲಿ ಸಂಪಾದಕರು ಒಂದು ಸಾಲು ಹಾಕಿದ್ದರು. ಬಂದ ಪತ್ರಗಳ ಕಟ್ಟು ನೋಡಿ ನನಗೇ ದಿಗಿಲಾಯಿತು. ನಾನು ಯಾರು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ತುಮಕೂರಿನ ಮಂಡಿಪೇಟೆ ಹತ್ತಿರ ಹತ್ತಡಿ ಅಗಲದ ರಿಪೇರಿ ಅಂಗಡಿ ನನ್ನದು. ಅದಕ್ಕೆ ಮುಂಚೆ ಬೆಂಗಳೂರಿನ ಒಂದು ರಫ್ತು ಶೂ ಫ್ಯಾಕ್ಟರಿಯಲ್ಲಿ 17 ವರ್ಷ ಇದ್ದೆ. ಮೊದಲು ಚರ್ಮ ಕತ್ತರಿಸುವ ಟೇಬಲ್ಲು, ಆಮೇಲೆ ಲಾಸ್ಟಿಂಗ್, ಅಂದರೆ ಕಾಲಿನ ಅಚ್ಚಿನ ಮೇಲೆ ಚರ್ಮ ಎಳೆದು ಕೂರಿಸೋ ಕೆಲಸ. ಅಂಗಡಿಯ ಅರ್ಧ ಜಾಗ ನಮ್ಮ ಮನೆಯವರ ಹೊಲಿಗೆ ಮಷೀನಿಗೆ. ಜೀನ್ಸ್ ಪ್ರಶ್ನೆಗಳಿಗೆ ಉತ್ತರ ಹೇಳಿದ್ದು ಅವರು, ಬರೆದುಕೊಂಡದ್ದು ಮಾತ್ರ ನಾನು.

ಇಂಜಿನಿಯರಿಂಗ್ ಮುಗಿಸಿ ಈಗಷ್ಟೇ ಕೆಲಸಕ್ಕೆ ಸೇರಿದ್ದೇನೆ. ಅಮೆರಿಕದ ರೆಡ್ ವಿಂಗ್ ತರಹದ ಹಳೇ ಕಾಲದ ಬೂಟು ಕೊಳ್ಳೋ ಆಸೆ. ನಮ್ಮ ದೇಶದಲ್ಲೇ ಮಾಡಿದ ಜೊತೆ 14 ಸಾವಿರಕ್ಕೆ ಸಿಗುತ್ತಿದೆ. 'ಫುಲ್ ಗ್ರೇನ್ ಲೆದರ್' ಅಂತ ಬರೆದಿದ್ದಾರೆ. ನಂಬೋದು ಹೇಗೆ?
— ಓದುಗ, ಕ್ಯಾತ್ಸಂದ್ರ

ಕ್ಯಾತ್ಸಂದ್ರದವರು ಅಂದಮೇಲೆ ಹೇಳೋದು ಸುಲಭ. ತಟ್ಟೆ ಇಡ್ಲಿ ಮೇಲೆ ಬೆಣ್ಣೆ ಕರಗಿ ಹರಡಿದ ಮೇಲೆ ಇಡ್ಲಿ ಬೆಳಗಿನದೋ ನಿನ್ನೆಯದೋ ಕಣ್ಣಿಗೆ ಕಾಣೋದಿಲ್ಲ. ಮುರಿದು ನೋಡಬೇಕು. ಬೂಟನ್ನು ಮುರಿಯೋಕೆ ಆಗೋದಿಲ್ಲ, ಆದರೆ ಅದರ ಅಂಚು ನೋಡಬಹುದು.

ಮೊದಲು ಆ ಮಾತಿನ ಅರ್ಥ. ಚರ್ಮವನ್ನು ಅಡ್ಡ ಕೊಯ್ದರೆ ಕೂದಲಿದ್ದ ಕಡೆ ನಾರು ಒತ್ತೊತ್ತಾಗಿ ಹೆಣೆದುಕೊಂಡಿರುತ್ತದೆ. ಕೆಳಗೆ ಹೋದಂತೆ ಸಡಿಲ. ಪ್ರಾಣಿ ಬದುಕಿದ್ದಾಗ ಬೇಲಿ ಮುಳ್ಳು ಗೀರಿರುತ್ತದೆ, ಉಣ್ಣೆ ಹುಳ ಕಚ್ಚಿರುತ್ತದೆ, ನೊಗ ಉಜ್ಜಿರುತ್ತದೆ, ಯಾರೋ ಬರೆ ಹಾಕಿರುತ್ತಾರೆ. ಈ ಗುರುತುಗಳ ಸಮೇತ ಮೇಲ್ಪದರ ಹಾಗೇ ಉಳಿಸಿದರೆ ಫುಲ್ ಗ್ರೇನ್. ಉಪ್ಪುಕಾಗದದಲ್ಲಿ ಉಜ್ಜಿ, ಬಣ್ಣದ ಪೊರೆ ಬಳಿದು, ಬಿಸಿ ಅಚ್ಚು ಒತ್ತಿ ಹೊಸ ರಂಧ್ರ ಮೂಡಿಸಿದರೆ ಕರೆಕ್ಟೆಡ್ ಗ್ರೇನ್. ಮೇಲಿನದು ಸೀಳಿ ತೆಗೆದ ಮೇಲೆ ಉಳಿದ ಕೆಳಪದರ ಸ್ಪ್ಲಿಟ್. ಅದಕ್ಕೆ ಪ್ಲಾಸ್ಟಿಕ್ ಪೊರೆ ಅಂಟಿಸಿಯೂ ಚರ್ಮ ಅಂತಲೇ ಮಾರುತ್ತಾರೆ.

ಈಗ ಬೂಟು ಕೈಗೆ ತಗೊಳ್ಳಿ. ಹೊಳಪು ನೋಡಬೇಡಿ. ಲೇಸು ಬಿಚ್ಚಿ, ನಾಲಿಗೆ ಹೊರಗೆ ಎಳೆಯಿರಿ. ನಾಲಿಗೆಯ ತುದಿಯಲ್ಲಿ ಕತ್ತರಿಸಿದ ಅಂಚು ಸಾಮಾನ್ಯವಾಗಿ ಹಾಗೇ ಬಿಟ್ಟಿರುತ್ತಾರೆ. ಅಲ್ಲಿ ನಾರು ಕಾಣಬೇಕು. ಬಣ್ಣದ ಪೊರೆ ಬೇರೆ, ಕೆಳಗಿನ ಚರ್ಮ ಬೇರೆ ಅಂತ ದೋಸೆ ಮೇಲಿನ ಪಲ್ಯದ ಹಾಗೆ ಎರಡು ಪದರ ಎದ್ದು ಕಂಡರೆ ಅದು ದಪ್ಪ ಪೊರೆಯ ಮಾಲು. ನಡುವೆ ಬಟ್ಟೆಯ ನೂಲು ಕಂಡರೆ ರೆಕ್ಸಿನ್, ವಾಪಸ್ ಇಡಿ. ಅಂಚಿನ ಒಳಗೆ ತಿಳಿ ನೀಲಿ ಅಥವಾ ಬೂದು ಬಣ್ಣ ಇದ್ದರೆ ಕ್ರೋಮ್ ಹದ, ಅಂದರೆ ಕ್ರೋಮಿಯಂ ಉಪ್ಪಿನಲ್ಲಿ ಹದ ಮಾಡಿದ್ದು. ಪೂರ್ತಿ ಕಂದು ಇದ್ದರೆ ಹೆಚ್ಚಾಗಿ ಚಕ್ಕೆ ಹದ. ಶಿರಾದಿಂದ ಪಾವಗಡದ ಕಡೆ ಹೋಗುವಾಗ ರಸ್ತೆ ಪಕ್ಕ ಹಳದಿ ಹೂ ಬಿಟ್ಟ ತಂಗಡಿ ಗಿಡ ನೋಡಿರುತ್ತೀರಿ. ಅದರ ತೊಗಟೆ, ಅಳಲೆಕಾಯಿ ಇವೆಲ್ಲ ಹಾಕಿ ವಾರಗಟ್ಟಲೆ ನೆನೆಸಿ ಮಾಡೋದು ಚಕ್ಕೆ ಹದ. ಕ್ರೋಮ್ ಕೆಲಸ ಅದಕ್ಕಿಂತ ಬಹಳ ಬೇಗ ಮುಗಿಯುತ್ತದೆ. ಕ್ರೋಮ್ ಅಂದರೆ ಕಳಪೆ ಅಂತ ತಿಳಿಯಬೇಡಿ. ಮಳೆ, ಬಿಸಿ ಎರಡನ್ನೂ ಅದು ಚೆನ್ನಾಗಿ ತಡೆಯುತ್ತದೆ. ಒಳ್ಳೆ ಬೂಟಿನ ಮೇಲ್ಭಾಗ ಬಹಳಷ್ಟು ಅದೇ, ಇಲ್ಲಾ ಎರಡೂ ಸೇರಿಸಿ ಹದ ಮಾಡಿದ್ದು. ಒಳಅಟ್ಟೆ, ಬೆಲ್ಟಿಗೆ ಮಾತ್ರ ನನಗೆ ಚಕ್ಕೆ ಹದವೇ ಬೇಕು.

ಆಮೇಲೆ ಬೆರಳು ಬಾಗುವ ಜಾಗದಲ್ಲಿ ಹೆಬ್ಬೆಟ್ಟು ಒತ್ತಿ ಮಡಚಿ. ಸಣ್ಣ ಸಣ್ಣ ಗೆರೆ ಒತ್ತೊತ್ತಾಗಿ ಮೂಡಿ, ಬಿಟ್ಟ ತಕ್ಷಣ ಮಾಯವಾದರೆ ಅದು ಬೆನ್ನಿನ ಕಡೆಯ ಗಟ್ಟಿ ಚರ್ಮ. ಪೈಪಿನ ಹಾಗೆ ದಪ್ಪ ಮಡಿಕೆ ಎದ್ದು, ಮೇಲ್ಪದರ ಕೆಳಗಿನಿಂದ ಬಿಟ್ಟುಕೊಂಡ ಹಾಗೆ ಕಂಡರೆ ಹೊಟ್ಟೆ ಭಾಗದ್ದು. ಹೊಟ್ಟೆ ಚರ್ಮವನ್ನು ನಾಲಿಗೆಗೆ ಹಾಕಿದರೆ ತಪ್ಪಿಲ್ಲ. ನಾವೂ ಹಾಕುತ್ತಿದ್ದೆವು. ಮುಂಭಾಗಕ್ಕೆ ಹಾಕಿದವನು ಮಾತ್ರ ಕತ್ತರಿಸುವಾಗಲೇ ಮೋಸ ಮಾಡಿದ್ದಾನೆ. ಎಡ ಬಲ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಅಣ್ಣತಮ್ಮಂದಿರ ಹಾಗೆ ಹೋಲಬೇಕು, ಆದರೆ ಜೆರಾಕ್ಸ್ ಕಾಪಿ ಆಗಿರಬಾರದು. ಎರಡರಲ್ಲೂ ಒಂದೇ ಜಾಗದಲ್ಲಿ ಒಂದೇ ಚುಕ್ಕೆ ಇದ್ದರೆ ಅದು ಅಚ್ಚು.

ಇಷ್ಟು ಗೊತ್ತಿದ್ದೂ ನಾನೇ ಒಮ್ಮೆ ಬಿದ್ದಿದ್ದೇನೆ. ಅಂಗಡಿ ಹಾಕಿದ ಹೊಸತರಲ್ಲಿ ಒಬ್ಬ ವ್ಯಾಪಾರಿ ಹತ್ತಿರ ಕನ್ನಡಿ ಹಾಗಿದ್ದ ಕಂದು ಚರ್ಮ ತಗೊಂಡೆ. ಒಂದು ಕಲೆ ಇರಲಿಲ್ಲ. ಅದೇ ಅನುಮಾನ ಬರಬೇಕಿತ್ತು, ಬರಲಿಲ್ಲ. ಆರು ಜೊತೆ ಮಾಡಿ ಕೊಟ್ಟೆ. ಎರಡನೇ ಮಳೆಗಾಲಕ್ಕೆ ಬೆರಳಿನ ಹತ್ತಿರ ಬಣ್ಣ ಹಳೇ ಗೋಡೆ ಸುಣ್ಣದ ಹಾಗೆ ಚಕ್ಕೆ ಎದ್ದಿತು. ಆರರಲ್ಲಿ ನಾಲ್ಕು ಜೊತೆ ವಾಪಸ್ ಬಂದವು. ದುಡ್ಡು ಕೊಟ್ಟು ಕಳಿಸಿದೆ. ಉಳಿದಿಬ್ಬರು ಬರಲೇ ಇಲ್ಲ. ಅದು ಈಗಲೂ ಸ್ವಲ್ಪ ಚುಚ್ಚುತ್ತದೆ.

ನಿಮ್ಮ 14 ಸಾವಿರದ ಬೂಟಿನ ಹೊಲಿಗೆಯನ್ನೂ ಎಣಿಸಿ. ಗಟ್ಟಿ ಕೆಲಸದ ಬೂಟಿಗೆ ಇಂಚಿಗೆ 8ರಿಂದ 10 ಸಾಕು. ಜಾಸ್ತಿ ಹಾಕಿದರೆ ಒಳ್ಳೇದಲ್ವಾ ಅಂತ ಕೇಳ್ತಾರೆ. ಅಂಚೆ ಚೀಟಿ ಹರಿಯೋದು ತೂತು ಒತ್ತೊತ್ತಾಗಿ ಇರೋದಕ್ಕೇ ತಾನೆ? ಕೊನೆಗೆ ಹಿಮ್ಮಡಿಯ ಮೇಲಿನ ಗಟ್ಟಿ ಭಾಗವನ್ನು ಎರಡೂ ಕಡೆಯಿಂದ ಹಿಸುಕಿ. ರಟ್ಟಿನ ಹಾಗೆ ಟಕ್ ಅಂದರೆ ಒಳಗೆ ರಟ್ಟೇ ಇದೆ.

ಬೆಂಕಿ ಹಚ್ಚಿದರೆ ಅಸಲಿ ಚರ್ಮ ಸುಡೋದಿಲ್ಲ ಅಂತ ಕೇಳಿ ಹೊಸ ಬೆಲ್ಟಿಗೆ ಕಡ್ಡಿ ಗೀರಿದೆ. ಸುಟ್ಟಿತು. 'ಜೆನ್ಯೂನ್ ಲೆದರ್' ಅಂತ ಮುದ್ರೆ ಇತ್ತು. ಮೋಸ ಹೋದೆನಾ?
— ಓದುಗ, ಪಾವಗಡ

ಮೋಸ ಹೋಗಿದ್ದು ಬೆಲ್ಟು, ಪಾಪ. ಚರ್ಮವೂ ಸುಡುತ್ತದೆ ಸ್ವಾಮಿ, ಕೂದಲು ಸುಟ್ಟ ವಾಸನೆ ಬರುತ್ತದೆ ಅಷ್ಟೇ. ಮೇಲೆ ಬಳಿದ ಪೊರೆ ಅಂತೂ ಮೊದಲೇ ಸುಡುತ್ತದೆ. ಒಂದು ಹನಿ ನೀರು ಬಿಟ್ಟು ನೋಡೋ ಪರೀಕ್ಷೆಯೂ ಹಾಗೇ ಅರ್ಧ ಸತ್ಯ. ಬರೀ ಬಣ್ಣ ಕುಡಿಸಿದ ಚರ್ಮ ನೀರು ಹೀರಿ ಕಪ್ಪಾಗುತ್ತದೆ ನಿಜ. ಆದರೆ ಮೇಣ ತುಂಬಿದ ಒಳ್ಳೆ ಬೂಟಿನ ಚರ್ಮದ ಮೇಲೂ ಹನಿ ಕೆಸುವಿನ ಎಲೆ ಮೇಲಿನ ಹಾಗೆ ಉರುಳಿ ಹೋಗುತ್ತದೆ. ಇನ್ನು 'ಜೆನ್ಯೂನ್' ಅಂದರೆ ಎಲ್ಲೋ ಚರ್ಮ ಇದೆ ಅಂತ, ಒಳ್ಳೆ ಚರ್ಮ ಅಂತಲ್ಲ. ಬೆಲ್ಟಿನ ತೂತಿನೊಳಗೆ ಇಣುಕಿ. ಒಂದೇ ದಪ್ಪ ಪಟ್ಟಿನಾ, ಎರಡು ತೆಳು ಪಟ್ಟಿ ನಡುವೆ ಏನೋ ತುಂಬಿಸಿದ್ದಾರಾ ಅಂತ ಅಲ್ಲೇ ಗೊತ್ತಾಗುತ್ತದೆ. ಮುಂದಿನ ಸಲ ಕಡ್ಡಿಪೆಟ್ಟಿಗೆ ಮನೆಯಲ್ಲಿ ಬಿಟ್ಟು ಹೋಗಿ.

'ಗುಡ್‌ಇಯರ್ ವೆಲ್ಟ್' ಅಂತಾರಲ್ಲ, ಅದು ಟೈರ್ ಕಂಪನಿಯದಾ? ಅಟ್ಟೆ ಸವೆದ ಮೇಲೆ ಬದಲಾಯಿಸಬಹುದು ಅಂತ ಹೇಳಿ ನನಗೊಂದು ಬೂಟು ಮಾರಿದರು. ಮಧುಗಿರಿಯಲ್ಲಿ ಇಬ್ಬರು ಆಗಲ್ಲ ಅಂದರು.
— ಓದುಗ, ಮಧುಗಿರಿ

ಟೈರ್ ಕಂಪನಿಯದಲ್ಲ. ರಬ್ಬರಿಗೆ ಗಂಧಕ ಸೇರಿಸಿ ಗಟ್ಟಿ ಮಾಡೋದನ್ನು ಕಂಡುಹಿಡಿದ ಚಾರ್ಲ್ಸ್ ಗುಡ್‌ಇಯರ್‌ಗೆ ಅದೇ ಹೆಸರಿನ ಮಗ ಇದ್ದ. 1870ರ ಆಸುಪಾಸಿನಲ್ಲಿ ವೆಲ್ಟ್ ಹೊಲಿಯುವ ಮಷೀನಿಗೆ ಪೇಟೆಂಟ್ ಮಾಡಿಸಿದ್ದು ಆ ಮಗ. ಟೈರ್ ಕಂಪನಿ 1898ರಲ್ಲಿ ಬೇರೆಯವರು ಶುರು ಮಾಡಿ ಅಪ್ಪನ ಹೆಸರಿಟ್ಟುಕೊಂಡದ್ದು.

ವೆಲ್ಟ್ ಅಂದರೆ ಬೂಟಿನ ಸುತ್ತ, ಮೇಲ್ಭಾಗ ಮತ್ತು ಅಟ್ಟೆ ಸೇರುವಲ್ಲಿ ಓಡುವ ಚರ್ಮದ ಪಟ್ಟಿ. ಅದಕ್ಕೆ ಎರಡು ಹೊಲಿಗೆ. ಒಂದು ಒಳಗೆ ಅಡಗಿರುತ್ತದೆ, ಪಟ್ಟಿಯನ್ನು ಮೇಲ್ಭಾಗಕ್ಕೂ ಒಳಅಟ್ಟೆಯ ಅಡಿಯಲ್ಲಿ ಎದ್ದಿರುವ ಉಬ್ಬು ಅಂಚಿಗೂ ಹಿಡಿಯುತ್ತದೆ. ಇನ್ನೊಂದು ನಿಮಗೆ ಕಾಣುವ ಹೊಲಿಗೆ, ಪಟ್ಟಿಯನ್ನು ಹೊರಅಟ್ಟೆಗೆ ಹಿಡಿಯುತ್ತದೆ. ಅಟ್ಟೆ ಸವೆದರೆ ಎರಡನೆಯದನ್ನು ಮಾತ್ರ ಬಿಚ್ಚಿ ಹೊಸದು ಹೊಲಿಯುತ್ತೇವೆ, ಮೇಲ್ಭಾಗಕ್ಕೆ ಕೈ ಹಚ್ಚೋದೇ ಇಲ್ಲ. ಇದರ ಜಾಣತನ ಇರೋದೇ ಇಲ್ಲಿ. ಹೊಲಿದವನು ಇನ್ನೊಬ್ಬ ಬಿಚ್ಚಲಿ ಅಂತಲೇ ಹೊಲಿದಿದ್ದಾನೆ.

ನಿಮ್ಮ ಬೂಟಿನ ಫೋಟೋ ನೋಡಿದೆ. ಪಟ್ಟಿ ಮೇಲೆ ಬಿಳಿ ದಾರದ ಹೊಲಿಗೆ ಚೆನ್ನಾಗಿದೆ. ಕೆಳಗಿನ ಫೋಟೋದಲ್ಲಿ ಅಟ್ಟೆ ಬೋಳು, ಒಂದು ದಾರವೂ ಇಲ್ಲ. ಹಾಗಾದರೆ ಮೇಲಿನ ದಾರ ಎಲ್ಲಿಗೆ ಹೋಯಿತು? ಎಲ್ಲಿಗೂ ಹೋಗಿಲ್ಲ. ಪಟ್ಟಿಗೆ ಮೊದಲೇ ಹೊಲಿಗೆ ಹಾಕಿ, ಸಲ್ಯೂಷನ್ ಬಳಿದು ಅಂಟಿಸಿದ್ದಾರೆ. ಕೆಲವು ಒಳ್ಳೆ ಬೂಟಿನಲ್ಲಿ ಅಟ್ಟೆಯ ಚರ್ಮ ಸೀಳಿ, ಒಳಗೆ ಹೊಲಿದು, ಮುಚ್ಚಿಬಿಡುವುದೂ ಉಂಟು. ಆದರೆ ನಿಮ್ಮದು ಅಚ್ಚೊತ್ತಿದ ರಬ್ಬರು, ಅಲ್ಲಿ ಸೀಳಿ ಮುಚ್ಚೋ ಮಾತೇ ಇಲ್ಲ. ಆಗಲ್ಲ ಅಂದ ಆ ಇಬ್ಬರೂ ಸರಿಯಾಗಿಯೇ ಹೇಳಿದ್ದಾರೆ, ಅವರ ಮೇಲೆ ಬೇಜಾರು ಬೇಡ.

ಇನ್ನೊಂದು ಬಗೆ ಬ್ಲೇಕ್ ಹೊಲಿಗೆ. ಬೂಟಿನೊಳಗೆ ಕೈ ಹಾಕಿದರೆ ಒಳಅಟ್ಟೆ ಮೇಲೆಯೇ ಹೊಲಿಗೆ ಸಾಲು ಬೆರಳಿಗೆ ಸಿಗುತ್ತದೆ. ಹಗುರ, ಚೆನ್ನಾಗಿ ಬಾಗುತ್ತದೆ, ಆದರೆ ಮಳೆನೀರು ಆ ತೂತಲ್ಲೇ ಒಳಗೆ ಬರುತ್ತದೆ. ಅದರ ಅಟ್ಟೆಯನ್ನೂ ಬದಲಾಯಿಸಬಹುದು, ಅದಕ್ಕೆಂದೇ ಇರುವ ಮಷೀನು ಬೇಕು. ನನ್ನ ಹತ್ತಿರ ಇಲ್ಲ.

ನಮ್ಮಪ್ಪನ ಅಂಗಡಿಯಲ್ಲಿ ಹರಳಯ್ಯನವರ ಪಟ ಇತ್ತು. ಬೆಳಿಗ್ಗೆ ಊದುಬತ್ತಿ ಹಚ್ಚಿ, ಆಮೇಲೆ ರಂಪಿ ಮಸೆಯೋಕೆ ಕೂರುತ್ತಿದ್ದರು. ಹೊಸ ಎಕ್ಕಡ ಮುಗಿದ ಮೇಲೆ ಅಪ್ಪ ಅದನ್ನು ತಿರುಗಿಸಿ ಅಟ್ಟೆ ಕಡೆಯೇ ನೋಡುತ್ತಿದ್ದದ್ದು. ಗಿರಾಕಿ ಮೇಲೆ ನೋಡ್ತಾನೆ, ನಾವು ಕೆಳಗೆ ನೋಡಬೇಕು ಅನ್ನೋರು.

ನಮ್ಮದು ಕೊಬ್ಬರಿ ಮಂಡಿ. ಮನೆಯಲ್ಲಿ ಎಣ್ಣೆಗೆ ಬರ ಇಲ್ಲ. ಬೂಟಿಗೆ ವಾರಕ್ಕೊಮ್ಮೆ ಕೊಬ್ಬರಿ ಎಣ್ಣೆ ಹಚ್ಚುತ್ತೇನೆ. ಈಗ ಮೆತ್ತಗಾಗಿ ನಿಲ್ಲೋದೇ ಇಲ್ಲ, ಬಿಳಿ ಬಿಳಿ ಪುಡಿ ಬೇರೆ.
— ಓದುಗ, ತಿಪಟೂರು

ತಲೆಗೆ ಹಚ್ಚೋದನ್ನು ಕಾಲಿಗೆ ಹಚ್ಚಿದ್ದೀರಿ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಚಳಿಗಾಲದ ಬೆಳಿಗ್ಗೆ ಡಬ್ಬಿಯಲ್ಲಿ ಹೇಗೆ ಹೆಪ್ಪುಗಟ್ಟುತ್ತದೋ ಹಾಗೇ ಚರ್ಮದ ಮೇಲೂ ಬೆಳ್ಳಗೆ ಕೂರುತ್ತದೆ. ಬಟ್ಟೆ ಬಿಸಿ ಮಾಡಿ ಒರೆಸಿ. ಹೋದರೆ ಎಣ್ಣೆ. ಹೋಗದೆ ಮುಗ್ಗಲು ವಾಸನೆ ಬಂದರೆ ಬೂಷ್ಟು. ಬೂಷ್ಟನ್ನು ಮನೆಯಿಂದಾಚೆ ಒಣ ಬ್ರಷ್‌ನಲ್ಲಿ ಉಜ್ಜಿ ತೆಗೆದು, ನೆರಳಲ್ಲಿ ಗಾಳಿಗೆ ಇಡಿ.

ನಮ್ಮ ತಾತಂದಿರು ಎಕ್ಕಡಕ್ಕೆ ಹರಳೆಣ್ಣೆ ಕುಡಿಸುತ್ತಿದ್ದರಲ್ಲ ಅಂತ ನೀವು ಕೇಳಬಹುದು. ಆ ಚರ್ಮ ಬೇರೆ. ದಪ್ಪ, ಒಣಕಲು, ಚಕ್ಕೆ ಹದದ್ದು. ಎಣ್ಣೆ ಕುಡಿಯದಿದ್ದರೆ ಕಾಲು ಕಚ್ಚುತ್ತಿತ್ತು. ಈಗಿನ ಬೂಟಿನ ಚರ್ಮಕ್ಕೆ ಕಾರ್ಖಾನೆಯಲ್ಲೇ ಎಣ್ಣೆ, ಮೇಣ ತುಂಬಿಸಿ ಕಳಿಸಿರುತ್ತಾರೆ. ಅದು ಒಣಗಿದ ಹಾಗೆ ಕಂಡಾಗ, ಅಂದರೆ ನಾಲ್ಕೈದು ತಿಂಗಳಿಗೊಮ್ಮೆ, ಲೆದರ್ ಕಂಡೀಷನರ್ ಅಥವಾ ಜೇನುಮೇಣ ಬೆರೆತ ಕ್ರೀಮು ಬಟಾಣಿಯಷ್ಟು ಸಾಕು. ಮಿಕ್ಕ ದಿನ ಬರೀ ಬ್ರಷ್. ಮಳೆಯಲ್ಲಿ ನೆನೆದರೆ ಒಳಗೆ ಪೇಪರ್ ತುರುಕಿ ಫ್ಯಾನಿನ ಕೆಳಗೆ ಇಡಿ. ಒಲೆ ಹತ್ತಿರ ಬೇಡ, ತಾರಸಿ ಬಿಸಿಲಿಗೆ ಬೇಡವೇ ಬೇಡ. ಒದ್ದೆ ಚರ್ಮ ಬಿಸಿಗೆ ಸೆಟೆದುಕೊಂಡರೆ ಆಮೇಲೆ ಯಾವ ಎಣ್ಣೆಗೂ ಬಗ್ಗೋದಿಲ್ಲ.

ಜೀನ್ಸಿನ ಕಾಲು ಮಡಚಿದರೆ ಒಳಗೆ ಬಿಳಿ ಪಟ್ಟಿ, ಕೆಂಪು ಎಳೆ ಕಾಣಬೇಕು, ಅದೇ 'ಸೆಲ್ವೆಜ್', ಅದೇ ಒಳ್ಳೇದು ಅಂತಾನೆ ನನ್ನ ಗೆಳೆಯ. ಬೆಲೆ ಮೂರು ಪಟ್ಟು. ನಿಜಾನಾ?
— ಓದುಗ, ಗುಬ್ಬಿ

ಇದನ್ನು ಓದಿ ಹೇಳಿದಾಗ ನಮ್ಮ ಮನೆಯವರು ನಕ್ಕರು. ಅವರ ತವರು ವೈ.ಎನ್. ಹೊಸಕೋಟೆ, ಮಗ್ಗದ ಮನೆ. "ಸೀರೆ ಅಂಚು ಅಂದರೆ ಮುಗೀತಲ್ಲ" ಅಂದರು. ಲಾಳಿ ಓಡುವ ಮಗ್ಗದಲ್ಲಿ ಹೊಕ್ಕಿನ ನೂಲು, ಅಂದರೆ ಅಡ್ಡ ಹಾಯುವ ನೂಲು, ಒಂದೇ. ಆ ಕಡೆ ಹೋಗಿ, ತಿರುಗಿ, ಈ ಕಡೆ ಬರುತ್ತದೆ. ಹಾಗಾಗಿ ಅಂಚು ತಾನಾಗೇ ಮುಚ್ಚಿಕೊಳ್ಳುತ್ತದೆ, ಬಿಚ್ಚಿಕೊಳ್ಳೋದಿಲ್ಲ. ಈಗಿನ ವೇಗದ ಮಗ್ಗಗಳಲ್ಲಿ ಪ್ರತಿ ಹೊಕ್ಕನ್ನೂ ಕತ್ತರಿಸುತ್ತಾರೆ, ಅಂಚು ಕುಚ್ಚು ಕುಚ್ಚಾಗಿರುತ್ತದೆ, ಓವರ್‌ಲಾಕ್ ಹಾಕಲೇಬೇಕು. ಲಾಳಿ ಮಗ್ಗದ ಡೆನಿಮ್ ಪನ್ನ, ಅಂದರೆ ಅಗಲ, 30 ಇಂಚಿನ ಆಸುಪಾಸು, ಹೊಸ ಮಗ್ಗದ್ದು ಅದರ ಎರಡರಷ್ಟು. ನಿಧಾನ ನೇಯ್ಗೆ, ಕಿರಿದು ಬಟ್ಟೆ, ಅದಕ್ಕೇ ಬೆಲೆ. ಅಮೆರಿಕದ ಗ್ರೀನ್ಸ್‌ಬರೋದ ವೈಟ್ ಓಕ್ ಮಿಲ್ಲು ಈ ಬಟ್ಟೆಗೆ ಹೆಸರುವಾಸಿ. ಅದೂ 2017ರ ಕೊನೆಗೆ ಮುಚ್ಚಿತು. ಜಪಾನಿನವರು ಇನ್ನೂ ನೇಯುತ್ತಾರೆ.

ಆದರೆ ಅಂಚು ಚೆನ್ನಾಗಿದ್ದ ಮಾತ್ರಕ್ಕೆ ಒಡಲು ಚೆನ್ನಾಗಿರಬೇಕಾ? ಕಳಪೆ ಹತ್ತಿಯನ್ನೂ ಲಾಳಿ ಮಗ್ಗದಲ್ಲಿ ನೇಯಬಹುದು. ನಮ್ಮ ಮನೆಯವರು ನೋಡೋದು ಇಷ್ಟು. ಜೀನ್ಸನ್ನು ಒಳಮಗ್ಗುಲಿಗೆ ತಿರುಗಿಸಿ. ಸೀಟಿನ ಹೊಲಿಗೆಯಲ್ಲಿ ಎರಡು ಅಂಚೂ ಒಂದರೊಳಗೊಂದು ಮಡಚಿ ಕೂತಿದೆಯಾ, ಬರೀ ಓವರ್‌ಲಾಕ್ ಮಾಡಿ ಬಿಟ್ಟಿದ್ದಾರಾ? ಜೇಬಿನ ಒಳಚೀಲದ ಬಟ್ಟೆ ಗಟ್ಟಿ ಇದೆಯಾ? ಅಲ್ಲಿ ತೆಳು ಬಟ್ಟೆ ಹಾಕಿದವನು ಬೇರೆ ಕಡೆಯೂ ಉಳಿಸಿರುತ್ತಾನೆ. ಬಟ್ಟೆಯ ತೂಕವನ್ನು ಚದರ ಗಜಕ್ಕೆ ಇಷ್ಟು ಔನ್ಸ್ ಅಂತ ಹೇಳುತ್ತಾರೆ. ನಮ್ಮ ಕಡೆ ಬಿಸಿಲಿಗೆ 12, 13 ಔನ್ಸ್ ಸಾಕು. 21 ಔನ್ಸಿನದು ತಗೊಂಡು ಶಿರಾ ಬಿಸಿಲಲ್ಲಿ ಬೈಕ್ ಓಡಿಸಿ ನೋಡಿ, ಗೊತ್ತಾಗುತ್ತೆ. ಸುಮ್ನೆ ಗಟ್ಟಿ, ಕಡಿಮೆ ದುಡ್ಡಿನದು ಬೇಕಾದರೆ ಬಳ್ಳಾರಿಯಲ್ಲಿ ಹೊಲಿದ ಜೀನ್ಸ್ ಬರುತ್ತದಲ್ಲ, ಅದನ್ನೂ ಹೀಗೇ ತಿರುಗಿಸಿ ನೋಡಿ ತಗೊಳ್ಳಿ. ಅದರಲ್ಲೂ ಒಳ್ಳೇದಿದೆ, ಕೆಟ್ಟದ್ದೂ ಇದೆ.

ಬಣ್ಣದ ವಿಷಯ. ಡೆನಿಮ್‌ನಲ್ಲಿ ಹಾಸು, ಅಂದರೆ ಉದ್ದದ ನೂಲು, ನೀಲಿ; ಹೊಕ್ಕು ಬಿಳಿ. ಹಾಸಿನ ನೂಲನ್ನು ನೀಲಿಯಲ್ಲಿ ಅದ್ದಿ ಗಾಳಿಗೆ ಹಿಡಿಯುತ್ತಾರೆ, ಮತ್ತೆ ಅದ್ದುತ್ತಾರೆ. ನೂಲು ತೊಟ್ಟಿಯಿಂದ ಎದ್ದಾಗ ಹಸಿರು ಹಳದಿ, ಗಾಳಿ ತಾಗಿದಂತೆ ನೀಲಿ. ಎಷ್ಟು ಅದ್ದಿದರೂ ಬಣ್ಣ ಸಾಮಾನ್ಯವಾಗಿ ನೂಲಿನ ನಡುವಿಗೆ ಇಳಿಯೋದಿಲ್ಲ. ಅದಕ್ಕೇ ತೊಟ್ಟು ಉಜ್ಜಿದಂತೆ ಮಂಡಿ, ತೊಡೆ, ಜೇಬಿನಲ್ಲಿ ಮೊಬೈಲ್ ಇಡುವ ಜಾಗ ಬೆಳ್ಳಗಾಗುವುದು. ಒಂದು ನೂಲು ಎಳೆದು ಉಗುರಲ್ಲಿ ಕೆರೆಯಿರಿ, ಒಳಗೆ ಬಿಳಿ ಕಾಣಬೇಕು.

ಒಂದು ಎಚ್ಚರಿಕೆ, ಇದು ಅವರ ಸ್ವಂತ ಅನುಭವ. ಕೆಲವು ಸೆಲ್ವೆಜ್ ಬಟ್ಟೆಯನ್ನು ಮೊದಲೇ ಕುಗ್ಗಿಸಿರೋದಿಲ್ಲ. ಎರಡು ವರ್ಷದ ಹಿಂದೆ ಒಬ್ಬ ಹುಡುಗ ಅಂಥ ಹೊಸ ಜೀನ್ಸ್ ತಂದ, ಉದ್ದ ಕಡಿಮೆ ಮಾಡಿ ಅಂದ. ಇವರು ಅಳತೆ ತಗೊಂಡು ಕತ್ತರಿಸಿ, ಮಡಚಿ, ಚೆಂದವಾಗಿ ಹೊಲಿದು ಕೊಟ್ಟರು. ಒಂದು ಒಗೆತಕ್ಕೆ ಎರಡು ಇಂಚು ಮೇಲೆ ಹೋಯಿತು. ಕಾಲುಚೀಲ ಕಾಣುವ ಜೀನ್ಸ್ ಹಿಡಿದು ಹುಡುಗ ಬಾಗಿಲಲ್ಲಿ ನಿಂತಿದ್ದ. ಕತ್ತರಿಸಿದ ತುಂಡು ಇವರ ಡಬ್ಬಿಯಲ್ಲಿತ್ತು, ಅದನ್ನೇ ಜೋಡಿಸಿ, ಜೋಡಿಸಿದ ಜಾಗ ಮಡಿಕೆಯೊಳಗೆ ಮುಚ್ಚುವ ಹಾಗೆ ಹೊಲಿದರು. ದುಡ್ಡು ತಗೊಳ್ಳಲಿಲ್ಲ. ಅವತ್ತಿಂದ ಹೊಸ ಡೆನಿಮ್ ಬಂದರೆ ಮೊದಲ ಪ್ರಶ್ನೆ ಒಂದೇ: ನೆನೆಸಿದ್ದೀರಾ? ಇಲ್ಲ ಅಂದರೆ ಕತ್ತರಿ ಮುಟ್ಟೋದಿಲ್ಲ.

ಮಗ ಆರು ತಿಂಗಳಿಂದ ಒಂದೇ ಜೀನ್ಸ್ ಹಾಕ್ತಿದ್ದಾನೆ. ಒಗೆದರೆ ಬಣ್ಣ ಕೆಡುತ್ತಂತೆ. ವಾಸನೆ ಹೋಗಲಿ ಅಂತ ಫ್ರಿಜ್ಜಿನಲ್ಲಿ ಇಡ್ತಾನೆ. ನಿನ್ನೆ ಹಾಲಿನ ಪ್ಯಾಕೆಟ್ ಪಕ್ಕ ಇತ್ತು.
— ಒಬ್ಬ ತಾಯಿ, ಕೊರಟಗೆರೆ

ಅಮ್ಮಾ, ಫ್ರಿಜ್ಜಿನಿಂದ ತೆಗೆಸಿ. ತಣ್ಣಗಿಟ್ಟರೆ ಕ್ರಿಮಿ ಸಾಯೋದಿಲ್ಲ, ಸುಮ್ಮನೆ ಮಲಗಿರುತ್ತದೆ. ಮೈ ಬಿಸಿ ತಾಗಿದರೆ ಮತ್ತೆ ಎದ್ದು ಕೂರುತ್ತದೆ. ಬೆವರು, ಧೂಳು ನೂಲಿನ ನಡುವೆ ಕೂತು ಉಜ್ಜಿ, ಸೀಟಿನ ಹತ್ತಿರ ಬಟ್ಟೆ ಹರಿಯುತ್ತದೆ. ಒಳಮಗ್ಗುಲಿಗೆ ತಿರುಗಿಸಿ, ತಣ್ಣೀರಲ್ಲಿ, ಸ್ವಲ್ಪ ಸೋಪಿನಲ್ಲಿ ಅದ್ದಿ, ಹಿಂಡದೆ ನೆರಳಲ್ಲಿ ಹಾಕಲಿ. ಇಷ್ಟು ಮಾಡಿದರೆ ತೊಟ್ಟು ತೊಟ್ಟು ಬಿದ್ದ ಅವನ ಬಿಳಿ ಗೆರೆಗಳು ಎಲ್ಲಿಗೂ ಹೋಗೋದಿಲ್ಲ. ಜೀನ್ಸಿನ ಜೇಬಿನ ಮೂಲೆಯಲ್ಲಿರೋ ಆ ತಾಮ್ರದ ರಿವಿಟ್ ಹುಟ್ಟಿದ ಕಥೆಯನ್ನೂ ಅವನಿಗೆ ಹೇಳಿ ಅಂತಾರೆ ನಮ್ಮ ಮನೆಯವರು. ನೆವಾಡಾದ ರೀನೋ ಊರಲ್ಲಿ ಜೇಕಬ್ ಡೇವಿಸ್ ಅನ್ನೋ ದರ್ಜಿ ಹತ್ತಿರ ಒಬ್ಬ ಕೂಲಿಯವನ ಹೆಂಡತಿ ಬಂದು, ಗಂಡನ ಪ್ಯಾಂಟು ಹರಿಯದ ಹಾಗೆ ಹೊಲಿದು ಕೊಡು ಅಂದಳಂತೆ. ಅವನು ಜೇಬಿನ ಮೂಲೆಗೆ ರಿವಿಟ್ ಹೊಡೆದ. 1873ರ ಮೇ 20ರಂದು ಅವನಿಗೂ, ಅವನಿಗೆ ಬಟ್ಟೆ ಮಾರುತ್ತಿದ್ದ ಲೀವೈ ಸ್ಟ್ರಾಸ್‌ಗೂ ಅದರ ಪೇಟೆಂಟ್ ಸಿಕ್ಕಿತು. ಆ ಹೆಂಗಸು ಒಗೆಯದ ಪ್ಯಾಂಟು ಕೇಳಿರಲಿಲ್ಲ.

ನಮ್ಮೂರಲ್ಲಿ ಕುದುರೆ ಫಾರಂ ಇದೆ. ಕುದುರೆ ಚರ್ಮದ ಬೂಟು ಎಲ್ಲಕ್ಕಿಂತ ದುಬಾರಿ ಅಂತೆ, ಯಾಕೆ?
— ಓದುಗ, ಕುಣಿಗಲ್

ಓಟದ ಕುದುರೆ ಕಡೆ ಹಾಗೆಲ್ಲ ನೋಡಬೇಡಿ! ನೀವು ಕೇಳಿದ್ದು ಶೆಲ್ ಕಾರ್ಡೋವನ್. ಕುದುರೆಯ ಹಿಂಭಾಗದ ಚರ್ಮದೊಳಗೆ ಇರುವ ಒತ್ತು ನಾರಿನ ಪದರ ಅದು. ಒಂದು ಪ್ರಾಣಿಗೆ ಸಣ್ಣ ಎರಡು ತುಂಡು ಅಷ್ಟೇ. ಷಿಕಾಗೋದಲ್ಲಿ 1905ರಿಂದ ಇರುವ ಹಾರ್ವೀನ್ ಅನ್ನೋ ಹದಗಾರಿಕೆಯವರು ಅದಕ್ಕೆ ಆರು ತಿಂಗಳು ತಗೊಳ್ಳುತ್ತಾರೆ. ಬಾಗಿದಾಗ ಗೆರೆ ಬೀಳದೆ ಅಲೆ ಅಲೆಯಾಗಿ ಉರುಳುತ್ತದೆ. ಫ್ಯಾಕ್ಟರಿಯಲ್ಲಿ ಒಂದೇ ಒಂದು ಸಲ ಕೈಯಲ್ಲಿ ಹಿಡಿದಿದ್ದೇನೆ. ಮೇಸ್ತ್ರಿ ಪಕ್ಕದಲ್ಲೇ ನಿಂತಿದ್ದರು, ಕತ್ತರಿಸೋಕೆ ಬಿಡಲಿಲ್ಲ.

ಜಾಗ ಮುಗಿಯಿತು, ಉಳಿದ ಪತ್ರಗಳು ಮುಂದಿನ ಸಲಕ್ಕೆ. ಬೂಟು ತೋರಿಸಲು ಅಂಗಡಿಗೇ ಬರುವವರು ಎರಡೂ ಕಾಲಿನದು ತನ್ನಿ. ಹೋದ ವಾರ ಒಬ್ಬರು ತಿಪಟೂರಿನಿಂದ ಬಲಗಾಲಿನದು ಒಂದೇ ಚೀಲದಲ್ಲಿ ಹಾಕಿಕೊಂಡು ಬಂದಿದ್ದರು. ಸೋಮವಾರ ಅಂಗಡಿ ರಜ.